ಮಗು ಶಾಲೆಗೆ ಬಂದದ್ದು ಯಾವಾಗ?



ಮೇ 1ರಂದು ಕಾರ್ಮಿಕರ ಪಾಲಕ ಸಂತ ಜೋಸೆಫರ ಹಬ್ಬದ ಪೂಜೆ ಮುಗಿಸಿ ಹೊರಗೆ ಬಂದಾಗ, ಹನೂರು ಕಡೆಯ ಒಂದು ಸಣ್ಣ ಊರಿನ ತಾಯಿಯೊಬ್ಬರು ಮಗನ ಕೈ ಹಿಡಿದುಕೊಂಡು ಕಾಯುತ್ತಿದ್ದರು. ನಮ್ಮಿಬ್ಬರ ಮನೆಮಾತೂ ತಮಿಳು. ಮಾತು ನಡೆದದ್ದೂ ಅದರಲ್ಲೇ. "ಸಾಮಿ, ಇವನನ್ನು ಕೊಳ್ಳೇಗಾಲದ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಬೇಕು. ಒಂದು ಕಾಗದ ಬರೆದುಕೊಡಿ" ಎಂದರು. ಹುಡುಗ ಊರಿನ ಸರ್ಕಾರಿ ಶಾಲೆಯಲ್ಲಿ ಎರಡನೆಯ ತರಗತಿ ಮುಗಿಸಿದ್ದ. ಅಲ್ಲಿ ಉಳಿದಿರುವುದು ಹನ್ನೊಂದು ಮಕ್ಕಳು. ಗಂಡ ಕೊಡಗಿನ ಕಾಫಿ ತೋಟದಲ್ಲಿ ಕೂಲಿಗೆ ಹೋಗಿದ್ದಾನೆ. ಫೀಸಿಗೆ ಸಂಘದಲ್ಲಿ ಸಾಲ ತೆಗೆಯುವುದೆಂದು ತೀರ್ಮಾನವೂ ಆಗಿತ್ತು.

"ಯಾಕಮ್ಮ, ಅಲ್ಲೇನು ಕೊರತೆ?" ಎಂದು ಕೇಳಿದೆ.

"ಅಲ್ಲಿ ಮಕ್ಕಳಿಗೇ ಓದುವ ಮನಸ್ಸಿಲ್ಲ ಸಾಮಿ."

ಈ ಮಾತನ್ನು ನಾನು ಮೊದಲ ಸಲ ಕೇಳಿದ್ದಲ್ಲ. ಶಿಕ್ಷಕರು ಹೇಳುತ್ತಾರೆ, ಅಧಿಕಾರಿಗಳು ಹೇಳುತ್ತಾರೆ. ಸತ್ಯ ಹೇಳಬೇಕೆಂದರೆ ನಾನೂ ಪ್ರಬೋಧನೆಯಲ್ಲಿ ಒಂದೆರಡು ಸಲ ಹೇಳಿದ್ದೇನೆ. ಹಳ್ಳಿಯ ಮಗುವಿಗೆ ಓದುವ ಮನಸ್ಸು ಇತ್ತೇ, ಇಲ್ಲವೇ ಎಂಬುದನ್ನು ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಚರಿತ್ರೆಯನ್ನೇ ಕೇಳಿ ನೋಡೋಣವೆಂದು ಈ ಲೇಖನ.

ಇಂದು ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಹನೂರು ತೀರ ಇತ್ತೀಚಿನವರೆಗೂ ಕೊಳ್ಳೇಗಾಲಕ್ಕೇ ಸೇರಿತ್ತು. ಜಿಲ್ಲೆಯೂ ಮೈಸೂರಿನಿಂದ ಬೇರೆಯಾದದ್ದು 1997ರಲ್ಲಿ. ಆದರೆ ಹಳೆಯ ಗಡಿ ಬೇರೆಯೇ ಇತ್ತು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೊಳ್ಳೇಗಾಲ ಸೀಮೆ ಕಂಪನಿ ಸರ್ಕಾರದ ಕೈಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು. ಒಂದು ಬೆಳಗಿನಲ್ಲಿ ನಡೆದು ತಲುಪಬಹುದಾದ ಎರಡು ಊರುಗಳು 1956ರ ಅಕ್ಟೋಬರ್ ಕೊನೆಯವರೆಗೆ, ಅಂದರೆ 157 ವರ್ಷ, ಎರಡು ಬೇರೆ ಆಡಳಿತಗಳ ಕೆಳಗಿದ್ದವು. ಯಳಂದೂರಿನ ಮಗುವಿನ ಶಾಲೆಯ ಬಗ್ಗೆ ಮೈಸೂರು ತೀರ್ಮಾನಿಸುತ್ತಿತ್ತು, ಕೊಳ್ಳೇಗಾಲದ ಮಗುವಿನ ಶಾಲೆಯ ಬಗ್ಗೆ ಮದ್ರಾಸು.

ಮೈಸೂರಿನ ಕಡೆ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಎರಡು ಪಟ್ಟು ಮೀರಿತು. ಮದ್ರಾಸಿನ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದದ್ದು 1920ರಲ್ಲಿ. ಎರಡೂ ಕಡೆ ಕಡ್ಡಾಯ ಎಂಬ ಮಾತು ಕಾಗದದಲ್ಲಿ ಮುಂದೆ ಓಡಿತು, ಮಕ್ಕಳು ಹಿಂದೆ ಉಳಿದರು. ಅದರ ವಿವರ ಇಲ್ಲಿ ಬೇಡ. ನಾನು ಹೇಳಹೊರಟದ್ದು ಅದಕ್ಕಿಂತ ಈಚಿನ, ನಮ್ಮ ಅಜ್ಜಂದಿರು ಕಣ್ಣಾರೆ ಕಂಡ ಒಂದು ವರ್ಷದ ಕಥೆ.

1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಗೋಪಾಲಾಚಾರಿಯವರು. ಶಾಲೆಗೆ ಸೇರಬೇಕಾದ ಮಕ್ಕಳಲ್ಲಿ ಬಹುಪಾಲು ಹೊರಗೇ ಇದ್ದರು. ಹೊಸ ಶಾಲೆ ಕಟ್ಟಲು, ಶಿಕ್ಷಕರನ್ನು ನೇಮಿಸಲು ಹಣವಿಲ್ಲ. ಆಗ ಅವರು ಗ್ರಾಮಾಂತರ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ವ್ಯವಸ್ಥೆ ತಂದರು. ಮಗು ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿರಬೇಕು. ಅದೇ ಶಿಕ್ಷಕರು ಬೆಳಿಗ್ಗೆ ಒಂದು ತಂಡಕ್ಕೆ, ಮಧ್ಯಾಹ್ನ ಇನ್ನೊಂದು ತಂಡಕ್ಕೆ ಪಾಠ ಮಾಡಬೇಕು. ಉಳಿದ ಹೊತ್ತಿನಲ್ಲಿ ಗಂಡುಮಕ್ಕಳು ತಂದೆಯ ಕಸುಬನ್ನೂ ಹೆಣ್ಣುಮಕ್ಕಳು ತಾಯಿಯ ಜೊತೆ ಮನೆಗೆಲಸವನ್ನೂ ಕಲಿಯಬೇಕು. ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿದ್ದ ನಮ್ಮ ಕೊಳ್ಳೇಗಾಲವೂ ಆ ಸರ್ಕಾರದ ಆಳ್ವಿಕೆಯಲ್ಲೇ ಇತ್ತು.

ತಂದೆಯ ಕಸುಬನ್ನು ಮಗ ಕಲಿಯುವುದರಲ್ಲಿ ತಪ್ಪೇನಿದೆ? ನಜರೇತಿನ ಬಡಗಿಯ ಮನೆಯಲ್ಲೂ ಅದೇ ನಡೆಯಿತು. ಆದರೆ ಪ್ರೀತಿಯಿಂದ ಮನೆಯಲ್ಲಿ ಕಲಿಯುವುದು ಬೇರೆ, ಸರ್ಕಾರವೇ ಶಾಲೆಯ ಬಾಗಿಲನ್ನು ಅರ್ಧ ಮುಚ್ಚಿ ಕಲ್ಲು ಒಡೆಯುವವನ ಮಗನನ್ನು ಕಲ್ಲುಕ್ವಾರಿಗೂ ಚರ್ಮದ ಕೆಲಸದವನ ಮಗನನ್ನು ಚರ್ಮಕ್ಕೂ ಕಳುಹಿಸುವುದು ಬೇರೆ. ಜನ ಇದನ್ನು ಕುಲಕಸುಬಿನ ಶಿಕ್ಷಣವೆಂದು ಕರೆದು ಸಿಟ್ಟಿಗೆದ್ದರು. ಪೆರಿಯಾರ್ ಅವರ ಚಳವಳಿ ಒಂದು ಕಡೆ, ಸ್ವತಃ ಆಡಳಿತ ಪಕ್ಷದೊಳಗಿನ ವಿರೋಧ ಇನ್ನೊಂದು ಕಡೆ. 1954ರ ಏಪ್ರಿಲ್‌ನಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಮುಂದಿನ ತಿಂಗಳೇ ಕಾಮರಾಜರ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ರಾಜಾಜಿಯವರನ್ನು ಹಂಗಿಸಲು ನಾನು ಇದನ್ನು ಬರೆಯುತ್ತಿಲ್ಲ. ಹಣವಿಲ್ಲದ ಸರ್ಕಾರ ಹೆಚ್ಚು ಮಕ್ಕಳನ್ನು ತಲುಪಲು ಹುಡುಕಿದ ದಾರಿ ಅದು. ಆದರೂ ಓದುವ ಮನಸ್ಸಿಲ್ಲದ ಜನ ಅರ್ಧ ದಿನದ ಶಾಲೆ ತಪ್ಪಿಹೋಯಿತೆಂದು ಅಷ್ಟು ಕೋಪಗೊಳ್ಳುತ್ತಿದ್ದರೇ?

ಕಾಮರಾಜರು ಸ್ವತಃ ಶಾಲೆಯನ್ನು ಅರ್ಧಕ್ಕೆ ಬಿಟ್ಟವರು. ಅವರು ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿದರು. ಹಸಿದ ಮಗು ಹೇಗೆ ಓದೀತು ಎಂದು, ಊರವರ ಕಾಣಿಕೆಯನ್ನೂ ಸೇರಿಸಿಕೊಂಡು, 1956ರಲ್ಲಿ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಆರಂಭಿಸಿದರು. ನಮ್ಮ ದುರದೃಷ್ಟ ನೋಡಿ: ಅದೇ ವರ್ಷ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ ನಾಡು ಒಂದಾದದ್ದು ಸಂತೋಷವೇ. ಆದರೆ ಊಟದ ಪಂಕ್ತಿ ಹೊರಟ ಹೊತ್ತಿಗೆ ನಾವು ಎದ್ದು ಬೇರೆ ಮನೆಗೆ ಬಂದಂತಾಯಿತು.

ಮುಂದೆ ಕರ್ನಾಟಕದ ಶಾಲೆಗಳಿಗೆ ಕೇರ್ ಸಂಸ್ಥೆಯ ಅಮೆರಿಕನ್ ಗೋಧಿ ಉಪ್ಪಿಟ್ಟು, ಹಾಲಿನ ಪುಡಿ ಬಂದವು. ಹಿರಿಯರು ಆ ವಾಸನೆಯನ್ನು ಇನ್ನೂ ಮರೆತಿಲ್ಲ. 1995ರಿಂದ ಕೇಂದ್ರದ ಯೋಜನೆಯಲ್ಲಿ ಶೇಕಡಾ 80 ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಅಕ್ಕಿ. ಆ ಅಕ್ಕಿ ಮನೆಗೆ ಹೋಗುತ್ತಿತ್ತು, ಮಗು ಮಧ್ಯಾಹ್ನ ಹಸಿದೇ ಇರುತ್ತಿತ್ತು. ಬಿಸಿಯೂಟ, ಅಂದರೆ ಅಕ್ಷರ ದಾಸೋಹ, 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ ನಮ್ಮ ಕಡೆಗೆ ಬಂದದ್ದು 2003ರಲ್ಲಿ. ಕಾಮರಾಜರ ಊಟದಿಂದ ಎಣಿಸಿದರೆ 47 ವರ್ಷ.

ಆ 47 ವರ್ಷಗಳೊಳಗೆ ನನ್ನ ಬಾಲ್ಯವೂ ಇದೆ. ಎಂಬತ್ತರ ದಶಕದ ಕೊನೆ. ಪಾಲಾರ್ ಆಚೆ, ಮೆಟ್ಟೂರು ಕಡೆ, ನನ್ನ ಅತ್ತೆಯ ಮನೆ. ಅಲ್ಲಿ ಎಂ.ಜಿ.ಆರ್. ಸರ್ಕಾರ 1982ರಲ್ಲೇ ಊಟದ ಯೋಜನೆಯನ್ನು ವಿಸ್ತರಿಸಿತ್ತು. ಅತ್ತೆಯ ಮಗ ತಟ್ಟೆ ಹಿಡಿದು ಶಾಲೆಗೆ ಹೋಗುತ್ತಿದ್ದ. ನಾವು ಈಚೆ ದಡದಲ್ಲಿ ಬೆಳಿಗ್ಗೆ ತಿಂದ ರಾಗಿ ಮುದ್ದೆಯ ಬಲದಲ್ಲಿ ಸಂಜೆಯವರೆಗೆ ಕೂರುತ್ತಿದ್ದೆವು. ಮಧ್ಯಾಹ್ನ ಬೆಲ್ ಹೊಡೆದ ಮೇಲೆ ಅರ್ಧ ತರಗತಿ ಮಾಯ. ಮೇಷ್ಟ್ರು ಹಾಜರಿ ಪುಸ್ತಕ ನೋಡಿ, "ಈ ಕಾಡಿನ ಮಕ್ಕಳಿಗೆ ವಿದ್ಯೆ ಹತ್ತೋದಿಲ್ಲ" ಎನ್ನುತ್ತಿದ್ದರು. ಆಚೆ ದಡದ ಮಕ್ಕಳೂ ನಮ್ಮ ರಕ್ತವೇ ಅಲ್ಲವೇ? ಅವರಿಗೆ ಹೇಗೆ ಹತ್ತಿತು?

ಇನ್ನೊಂದು ಕಷ್ಟ ಭಾಷೆಯದು. ಮನೆಯಲ್ಲಿ ತಮಿಳು, ಪುಸ್ತಕದಲ್ಲಿ ಕನ್ನಡ. ಗಟ್ಟಿಯಾಗಿ ಓದಲು ಹೇಳಿದಾಗ ತಡವರಿಸಿದ್ದಕ್ಕೆ ನನ್ನನ್ನು ಒಂದು ಇಡೀ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ್ದರು. ಮರುವರ್ಷ ಬಂದ ಮೇಷ್ಟ್ರು ಹುಣಸೆಬೀಜ ಎಣಿಸುತ್ತಾ ನಮ್ಮ ಮನೆಯ ಮಾತುಗಳನ್ನು ನಮ್ಮಿಂದಲೇ ಕೇಳಿ ಕಲಿತರು, ತಪ್ಪಾಗಿ ಉಚ್ಚರಿಸಿ ನಮ್ಮನ್ನು ನಗಿಸಿದರು. ಆ ವರ್ಷ ನಾನು ಕನ್ನಡ ಓದಿದೆ. ಇವತ್ತು ಈ ಲೇಖನ ಬರೆಯುತ್ತಿರುವುದು ಆ ಹುಣಸೆಬೀಜಗಳ ಋಣದಿಂದ. ಮನೆಯಲ್ಲಿ ಬೇರೆಯೇ ನುಡಿಯಾಡುವ ಸೋಲಿಗರ ಮಕ್ಕಳಿಗೂ ಇದೇ ಕಷ್ಟ. ಅದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ.

ನಾನು ಗುರುಮಠ ಸೇರುವ ಹೊತ್ತಿಗೆ ನಮ್ಮ ಮೈಸೂರು ಧರ್ಮಕ್ಷೇತ್ರದ ಇನ್ನೊಂದು ಕಾಡಂಚಿನಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಒಂದು ದೊಡ್ಡ ಕೆಲಸ ಸದ್ದಿಲ್ಲದೆ ನಡೆದಿತ್ತು. 1995ರಲ್ಲಿ ಅಲ್ಲಿನ ಕೆಲವು ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅದರ ಸುತ್ತಲಿನ ಸಣ್ಣ ಹಳ್ಳಿ ಶಾಲೆಗಳನ್ನು ನೋಡಿಬಂದರು. ಅಲ್ಲಿ ಒಬ್ಬರೇ ಶಿಕ್ಷಕರು ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಕಾರ್ಡುಗಳ ಮೂಲಕ ಕಲಿಸುತ್ತಿದ್ದರು. ಊರಿಗೆ ಮರಳಿದ ಶಿಕ್ಷಕರು ಅದನ್ನು ಕನ್ನಡಕ್ಕೆ, ನಮ್ಮ ಹಳ್ಳಿಗೆ ಹೊಂದಿಸಿದರು. ಅದೇ ನಲಿ-ಕಲಿ.

ಇದರ ಒಳಗುಟ್ಟನ್ನು ತಂದೆತಾಯಿಗಳು ತಿಳಿಯಬೇಕು. ಮಕ್ಕಳು ಹಾಡಿ ಕುಣಿಯುತ್ತಾರೆ, ಅಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಗೋಡೆಯ ಮೇಲೆ ಕಲಿಕಾ ಏಣಿಯಾಗಿ ಹಾಕಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಚಿತ್ರದ ಗುರುತುಳ್ಳ ಕಾರ್ಡು. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ತಾನೇ ನೋಡಿ, ತನ್ನ ಕಾರ್ಡು ತೆಗೆದುಕೊಂಡು, ತನ್ನ ಗುಂಪಿನಲ್ಲಿ ಕೂರುತ್ತದೆ. ಹೊಸದನ್ನು ಕಲಿಯುವ ಗುಂಪಿನ ಜೊತೆ ಶಿಕ್ಷಕರು ಇರುತ್ತಾರೆ. ಸ್ವಲ್ಪ ಬಂದವರು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಪೂರ್ತಿ ಬಂದವರು ತಾವೇ ಮಾಡುತ್ತಾರೆ. ನೆಲದ ಮಟ್ಟದಲ್ಲಿ ಗೋಡೆಯ ಸುತ್ತ ಮಕ್ಕಳದೇ ಕಪ್ಪು ಹಲಗೆ. ಮೇಲೆ ಕಟ್ಟಿದ ಚಪ್ಪರದಿಂದ ಅವರ ಚಿತ್ರಗಳು ತೂಗುತ್ತಿರುತ್ತವೆ.

ಈಗ ನಮ್ಮ ಕಡೆಯ ಮಗುವನ್ನು ನೆನೆಯಿರಿ. ತಂದೆತಾಯಿ ಕಾಫಿ ಕೊಯ್ಲಿಗೆ ಹೊರಟರೆ ಅದೂ ಜೊತೆಗೆ. ಮನೆಯಲ್ಲಿ ರೇಷ್ಮೆಹುಳು ಹಣ್ಣಾಗುವ ಹೊತ್ತಾದರೆ ನಾಲ್ಕು ದಿನ ಶಾಲೆ ಇಲ್ಲ. ಹಳೆಯ ಕ್ರಮದಲ್ಲಿ, ಒಂದು ತಿಂಗಳು ತಪ್ಪಿಸಿ ಬಂದವನಿಗೆ ಮೂರನೆಯ ಪಾಠದಿಂದ ನೇರ ಎಂಟನೆಯದು. ಅರ್ಥವಾಗುವುದಿಲ್ಲ, ನಾಚಿಕೆ, ಏಟು, ಮತ್ತೆ ತಪ್ಪಿಸುವುದು. ಅದನ್ನೇ ನಾವು ಮನಸ್ಸಿಲ್ಲ ಎಂದು ಕರೆದೆವು. ನಲಿ-ಕಲಿಯಲ್ಲಿ ಮರಳಿ ಬಂದ ಮಗುವಿಗೆ ಬಿಟ್ಟುಹೋದ ಮೆಟ್ಟಿಲು ಅಲ್ಲೇ ಕಾಯುತ್ತಿರುತ್ತದೆ. ಹಾಗೆ ನೋಡಿದರೆ ಹನೂರಿನ ಮಗುವಿಗಾಗಿಯೇ ಮಾಡಿದಂತಿದೆ.

2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು-ಎರಡನೆಯ ತರಗತಿಗೆ, ಮರುವರ್ಷ ಮೂರಕ್ಕೆ ತಂದಿತು. ಇಲ್ಲಿ ನನ್ನದೊಂದು ಅಭಿಪ್ರಾಯ. ಕೋಟೆಯಲ್ಲಿ ಅದು ಶಿಕ್ಷಕರೇ ಹುಡುಕಿ ತಂದದ್ದು. ರಾತ್ರಿ ಕುಳಿತು ಕಾರ್ಡು ಬರೆದವರಿಗೆ ಅದರ ಮೇಲೆ ಮಮತೆ. ಬೇರೆ ಕಡೆ ಅದು ಆದೇಶವಾಗಿ, ಪೆಟ್ಟಿಗೆಯಲ್ಲಿ ಬಂತು. ನಮ್ಮ ಧರ್ಮಕೇಂದ್ರದ ಸುತ್ತಮುತ್ತ ಕಾರ್ಡುಗಳು ಸವೆದು ಹರಿಯುವಷ್ಟು ಬಳಸಿದ ಶಾಲೆಯನ್ನೂ ಕಂಡಿದ್ದೇನೆ, ಪ್ಲಾಸ್ಟಿಕ್ ಕವರು ಬಿಚ್ಚದೆ ಬೀರುವಿನಲ್ಲಿಟ್ಟ ಶಾಲೆಯನ್ನೂ ಕಂಡಿದ್ದೇನೆ. ಎರಡೂ ಕಡೆ ಮಕ್ಕಳು ಒಂದೇ ತರಹದವರು.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಅನುಭವವೂ ಇದಕ್ಕೆ ಹತ್ತಿರದ್ದು, ಅದು ಸರ್ಕಾರಿ ಶಾಲೆಯಲ್ಲದಿದ್ದರೂ. ಡಾ. ಎಚ್. ಸುದರ್ಶನ್ ಅಲ್ಲಿಗೆ ಹೋದದ್ದು ವೈದ್ಯರಾಗಿ. ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಮಕ್ಕಳಿಗೆ ಶಾಲೆಯನ್ನೂ ತೆರೆಯಿತು. ಮೊದಲು ಕಾಯಿಲೆಗೆ ಮದ್ದು, ಆಮೇಲೆ ಅಕ್ಷರ. ಪೋಡಿನ ಮಕ್ಕಳು ಹೈಸ್ಕೂಲು ದಾಟಿ ಪದವಿಯವರೆಗೆ ಹೋದರು. ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದದ್ದು ನಿಮಗೆ ಗೊತ್ತು.

ಅದೇ ವರ್ಷಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಡೆ ಕಥೆ ಬೇರೆಯಾಗಿತ್ತು. ವೀರಪ್ಪನ್ ಕಾಲ. 1992ರಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ, 1993ರಲ್ಲಿ ಪಾಲಾರ್ ಸ್ಫೋಟ. ಅವನು 2004ರ ಅಕ್ಟೋಬರ್‌ನಲ್ಲಿ ಹತನಾಗುವವರೆಗೆ ಕತ್ತಲಾದರೆ ರಸ್ತೆಯಲ್ಲಿ ಜನವಿಲ್ಲ. ಈ ಕಡೆಗೆ ವರ್ಗವಾದರೆ ಶಿಕ್ಷಕರ ಮನೆಯಲ್ಲಿ ಅಳು. ಅವರನ್ನು ದೂರುವುದು ಹೇಗೆ? ಆದರೆ ಮೇಷ್ಟ್ರು ಬಾರದ ಶಾಲೆಗೆ ಮಗು ಬರಲಿಲ್ಲವೆಂದು ಮಗುವನ್ನು ದೂರುವುದು ಹೇಗೆ?

ಕಾಡಿನೊಳಗಿನ ಊರುಗಳ ಮಕ್ಕಳು ಆನೆ ಓಡಾಡುವ ದಾರಿಯಲ್ಲಿ ಮೈಲಿಗಟ್ಟಲೆ ನಡೆದು ಶಾಲೆ ಸೇರುವುದನ್ನು ಕಂಡು, ಕೆಲವು ವರ್ಷಗಳ ಹಿಂದೆ ಅರಣ್ಯ ಇಲಾಖೆಯೇ ಬೆಟ್ಟದಲ್ಲಿ ಜೀಪು ಓಡಿಸಿತು. ಕೊರೋನಾದಲ್ಲಿ ಶಾಲೆ ಮುಚ್ಚಿದಾಗ, 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಎಂದು ಶಿಕ್ಷಕರೇ ಊರೂರಿಗೆ ಬಂದರು. ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ಅದು ನಿಂತಿತು. ನಿಲ್ಲುವವರೆಗೆ ನಮ್ಮ ದೇವಾಲಯದ ಜಗುಲಿಯಲ್ಲೂ ಪಾಠ ನಡೆದಿತ್ತು. ಹೊತ್ತಿಗೆ ಮೊದಲೇ ಚಾಪೆ ಹಾಸಿಕೊಂಡು ಕೂರುತ್ತಿದ್ದವರು ಮಕ್ಕಳು.

ಆ ತಾಯಿಯ ಮಾತಿಗೆ ಮರಳುತ್ತೇನೆ. ಇಷ್ಟೆಲ್ಲ ಅವರಿಗೆ ಹೇಳಲಿಲ್ಲ, ಬಿಸಿಲು ಏರುತ್ತಿತ್ತು. ಒಂದು ವಿಷಯ ಮಾತ್ರ ನನ್ನನ್ನು ಚುಚ್ಚಿತು. ಅವರ ಊರಿನ ಶಾಲೆಯಲ್ಲಿ ಹತ್ತು ವರ್ಷದ ಹಿಂದೆ ನಲವತ್ತು ಮಕ್ಕಳಿದ್ದರು. ಉಳಿದವರನ್ನು ದಿನಾ ಬೆಳಿಗ್ಗೆ ಒಯ್ಯುವ ವ್ಯಾನುಗಳಲ್ಲಿ ಒಂದರ ಮೇಲೆ ಸಂತರೊಬ್ಬರ ಹೆಸರೇ ಇದೆ. ಇಂಗ್ಲಿಷ್ ಬೇಕೆಂಬ ಅವರ ಆಸೆ ನ್ಯಾಯವಾದದ್ದು; ಅದಕ್ಕೇ ಸರ್ಕಾರವೂ 2019ರಿಂದ ತನ್ನ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆದಿದೆ. ಆದರೆ ಕೂಲಿಯವನ ಸಾಲದ ಮೇಲೆ ಓಡುವ ವ್ಯಾನು ಎಷ್ಟು ದಿನ ಓಡೀತು? ಮಗು ಆರನೆಯ ತರಗತಿಗೆ ಮರಳಿ ಬರುವ ಹೊತ್ತಿಗೆ ಊರಿನ ಶಾಲೆ ಇದ್ದೀತೇ?

ಹುಡುಗನನ್ನು ಕರೆದು, "ಏನಪ್ಪಾ, ನಿನ್ನ ಶಾಲೆಯಲ್ಲಿ ಏನು ಕಲಿತೆ?" ಎಂದೆ. ಅವನು ಅಂಗಳದ ಮಣ್ಣಿನಲ್ಲಿ ಕುಳಿತು ಕಡ್ಡಿಯಿಂದ ತನ್ನ ಹೆಸರು, ಅಮ್ಮನ ಹೆಸರು, ಆಮೇಲೆ ಕೇಳದೆಯೇ ನನ್ನ ಹೆಸರನ್ನೂ ಕನ್ನಡದಲ್ಲಿ ಬರೆದ. ಒತ್ತಕ್ಷರ ಒಂದು ತಪ್ಪಿತ್ತು. ತಾಯಿ ಬಗ್ಗಿ ನೋಡುತ್ತಾ ನಿಂತರು. ಅವರಿಗೆ ಓದಲು ಬಾರದು.

"ಇದು ನಿಮ್ಮ ಹೆಸರಮ್ಮ" ಎಂದು ತೋರಿಸಿದೆ.

ಕಾಗದವನ್ನು ನಾನಿನ್ನೂ ಬರೆದಿಲ್ಲ. ಮುಂದಿನ ಭಾನುವಾರ ಗಂಡ ಕೊಡಗಿನಿಂದ ಬರುತ್ತಾನಂತೆ. ಮೂವರೂ ಕೂತು ಮಾತಾಡೋಣವೆಂದು ಹೇಳಿದ್ದೇನೆ.