ಎರಡು ಫಲಿತಾಂಶ, ಒಬ್ಬ ಸಾಕ್ಷಿ

ಚುನಾವಣೆಯ ಚರಿತ್ರೆಯಲ್ಲಿ ಗೆದ್ದವರ ಹೆಸರು ಉಳಿಯುತ್ತದೆ. ಮತ ಎಣಿಕೆಗೆ ಸಾಕ್ಷಿಯಾಗಿ ನಿಂತವರನ್ನು ನೆನೆಯುವವರು ವಿರಳ. ಅಂಥ ಸಾಕ್ಷಿಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಬ್ಬರು. 1980ರ ಚುನಾವಣೆಯಲ್ಲಿ ರೊನಾಲ್ಡ್ ರೇಗನ್ ಎದುರು ಸೋತು ಅಧಿಕಾರ ಬಿಟ್ಟ ಅವರು, ಮುಂದೆ ಅನ್ಯ ದೇಶಗಳ ಚುನಾವಣೆಗಳಿಗೆ ವೀಕ್ಷಕರಾಗಿ ಹೋಗತೊಡಗಿದರು. ಒಂದೇ ವರ್ಷದೊಳಗೆ ಮಧ್ಯ ಅಮೆರಿಕದ ಎರಡು ಪುಟ್ಟ ದೇಶಗಳಲ್ಲಿ ಅವರು ಕಂಡ ಎರಡು ಫಲಿತಾಂಶಗಳು ವಿದ್ಯಾರ್ಥಿಗಳು ತಿಳಿಯಬೇಕಾದ ಪಾಠಗಳಾಗಿವೆ.

ಮೊದಲನೆಯದು ಪನಾಮಾ. ಅಲ್ಲಿ ಸೇನಾಧಿಪತಿ ಮ್ಯಾನುಯೆಲ್ ನೊರಿಯೇಗನದೇ ದರ್ಬಾರು. 1989ರ ಮೇ 7ರಂದು ಮತದಾನ ನಡೆಯಿತು. ವಿರೋಧ ಪಕ್ಷಗಳ ಅಭ್ಯರ್ಥಿ ಗಿಲೆರ್ಮೊ ಎಂದಾರಾ ಭಾರೀ ಅಂತರದಿಂದ ಮುಂದಿದ್ದರು. ಆದರೆ ಎಣಿಕೆ ಕೇಂದ್ರಕ್ಕೆ ಬಂದದ್ದು ತಿದ್ದಿದ ಲೆಕ್ಕದ ಹಾಳೆಗಳು. ಅದನ್ನು ಕಂಡ ಕಾರ್ಟರ್, ನೀವು ಪ್ರಾಮಾಣಿಕರೋ ಕಳ್ಳರೋ ಎಂದು ಅಧಿಕಾರಿಗಳನ್ನು ಸ್ಪ್ಯಾನಿಷ್ ಭಾಷೆಯಲ್ಲೇ ಗಟ್ಟಿಯಾಗಿ ಕೇಳಿದರು. ನಂತರ ಪತ್ರಕರ್ತರ ಮುಂದೆ ಮೋಸವನ್ನು ಬಯಲು ಮಾಡಿದರು. ಮೇ 10ರಂದು ಸರಕಾರ ಚುನಾವಣೆಯನ್ನೇ ರದ್ದುಪಡಿಸಿತು. ಎಂದಾರಾ ಅವರನ್ನು ನಡುಬೀದಿಯಲ್ಲಿ ಥಳಿಸಲಾಯಿತು. ಡಿಸೆಂಬರ್ 20ರಂದು ಅಮೆರಿಕದ ಸೈನ್ಯ ಪನಾಮಾಕ್ಕೆ ನುಗ್ಗಿತು. ನೂರಾರು ನಾಗರಿಕರು ಪ್ರಾಣ ತೆತ್ತರು. ಮತಪತ್ರದಿಂದ ಆಗಬೇಕಿದ್ದ ಬದಲಾವಣೆ ಪರದೇಶದ ಬಂದೂಕಿನಿಂದಾಯಿತು.

ಎರಡನೆಯದು ನಿಕರಾಗುವಾ. ಅಲ್ಲಿ 1979ರ ಕ್ರಾಂತಿಯಿಂದ ಅಧಿಕಾರಕ್ಕೆ ಬಂದ ಸಾಂಡಿನಿಸ್ಟಾ ಪಕ್ಷದ ಆಡಳಿತವಿತ್ತು. ಅದರ ವಿರುದ್ಧ ಹೋರಾಡುತ್ತಿದ್ದ ಕಾಂಟ್ರಾ ಬಂಡುಕೋರರಿಗೆ ಅಮೆರಿಕ ಸರಕಾರವೇ ನೆರವು ನೀಡಿತ್ತು. 1990ರ ಫೆಬ್ರವರಿ 25ರಂದು ಮತದಾನ ನಡೆದಾಗ ಅಧ್ಯಕ್ಷ ದಾನಿಯೇಲ್ ಒರ್ಟೇಗಾ ಗೆಲ್ಲುವರೆಂದೇ ಅನೇಕರು ಎಣಿಸಿದ್ದರು. ಆದರೆ ಹತ್ಯೆಗೀಡಾದ ಪತ್ರಿಕಾ ಸಂಪಾದಕರೊಬ್ಬರ ಪತ್ನಿ ವಿಯೊಲೆಟಾ ಚಮೊರೊ ಸುಮಾರು ಶೇ. 55 ಮತ ಪಡೆದರು. ಒರ್ಟೇಗಾಗೆ ದೊರೆತದ್ದು ಸುಮಾರು ಶೇ. 41.

ಅಂದು ರಾತ್ರಿ ಕಾರ್ಟರ್ ಒರ್ಟೇಗಾರನ್ನು ಕಂಡರು. ತಾನೂ ಒಂದು ಚುನಾವಣೆ ಗೆದ್ದು ಒಂದನ್ನು ಸೋತವನು, ಸೋಲೆಂದರೆ ಲೋಕವೇ ಮುಳುಗಿದಂತಲ್ಲ ಎಂದು ತಿಳಿಹೇಳಿದರು. ಬೆಳಗಾಗುವ ಹೊತ್ತಿಗೆ ಒರ್ಟೇಗಾ ಸೋಲನ್ನೊಪ್ಪಿದರು. ಏಪ್ರಿಲ್ 25ರಂದು ಚಮೊರೊ ಅಧಿಕಾರ ವಹಿಸಿಕೊಂಡರು.

ಸಾಕ್ಷಿ ಒಬ್ಬನೇ, ಪರಿಣಾಮ ಮಾತ್ರ ಬೇರೆ ಬೇರೆ. ಇದೇಕೆ? ವೀಕ್ಷಕನ ಕೈಯಲ್ಲಿ ಸೈನ್ಯವೂ ಇಲ್ಲ, ಕಾನೂನೂ ಇಲ್ಲ. ಕಂಡದ್ದನ್ನು ಕಂಡಂತೆ ಹೇಳುವುದಷ್ಟೇ ಅವನ ಶಕ್ತಿ. ಆ ಮಾತಿಗೆ ಬೆಲೆ ಕೊಡಬೇಕಾದವನು ಸೋತವನು. ನೊರಿಯೇಗ ಕೊಡಲಿಲ್ಲ, ಒರ್ಟೇಗಾ ಅಂದು ಕೊಟ್ಟರು.

'ಅಂದು' ಎಂಬ ಮಾತಿಗೆ ಕಾರಣವಿದೆ. 2006ರ ಚುನಾವಣೆಯಲ್ಲಿ ಗೆದ್ದು ಮರಳಿ ಅಧಿಕಾರಕ್ಕೆ ಬಂದ ಅದೇ ಒರ್ಟೇಗಾರ ಆಡಳಿತ, 2021ರ ಚುನಾವಣೆಗೆ ಮುನ್ನ ಪ್ರಮುಖ ಎದುರಾಳಿಗಳನ್ನು ಸೆರೆಮನೆಗೆ ತಳ್ಳಿತು. ಸ್ವತಂತ್ರ ವೀಕ್ಷಕರಿಗೆ ಆಗ ಅವಕಾಶವಿರಲಿಲ್ಲ. ಕಾರ್ಟರ್ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಮಿತ್ರರೇ, ಗೆಲುವನ್ನು ಸಂಭ್ರಮಿಸಲು ಯಾರೂ ಕಲಿಸಬೇಕಾಗಿಲ್ಲ. ಸೋಲನ್ನು ಒಪ್ಪುವುದನ್ನು ಮಾತ್ರ ಪ್ರತಿ ಚುನಾವಣೆಯಲ್ಲೂ ಹೊಸದಾಗಿ ಕಲಿಯಬೇಕಾಗುತ್ತದೆ. ಒಮ್ಮೆ ಕಲಿತವರೂ ಅದನ್ನು ಮರೆಯಬಲ್ಲರು ಎಂಬುದಕ್ಕೆ ನಿಕರಾಗುವಾದ ಚರಿತ್ರೆಯೇ ಸಾಕ್ಷಿ.