ದೂರದರ್ಶಕದ ಮಸೂರ, ಕನ್ನಡಿಗಳು: ಕಾಫಿ ಮಲೆನಾಡಿನ ಬಳಕೆಯಲ್ಲಿ

ದೂರದರ್ಶಕ, ಆಡುಮಾತಿನಲ್ಲಿ ದುರ್ಬೀನು, ದೂರದ ವಸ್ತುವಿನ ಬೆಳಕನ್ನು ಕಣ್ಣಿನ ಪಾಪೆಗಿಂತ ಬಹಳ ಅಗಲವಾದ ಮಸೂರದಿಂದಲೋ ಕನ್ನಡಿಯಿಂದಲೋ ಕೂಡಿಸಿ, ಬಿಂಬವಾಗಿಸಿ, ಆ ಬಿಂಬವನ್ನು ಹಿಗ್ಗಿಸಿ ತೋರಿಸುವ ಉಪಕರಣ. ಬೆಳಕು ಕೂಡಿಸುವುದು ಮೊದಲ ಕೆಲಸ, ಹಿಗ್ಗಿಸುವುದು ಎರಡನೆಯದು. ಪೆಟ್ಟಿಗೆಯ ಮೇಲೆ ಅಚ್ಚಾದ ‘ಇಷ್ಟು ನೂರು ಪಟ್ಟು’ ಎಂಬ ಮಾತನ್ನು ನಂಬಿ ಕೊಂಡವರು ನಿರಾಶರಾಗುವುದು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡದ್ದರಿಂದ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಸೀಮೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಉತ್ತರದ ದೇಶಗಳ ವೀಕ್ಷಕರಿಗೆ ಕಾಣದ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ಇಲ್ಲಿ ದಕ್ಷಿಣ ದಿಗಂತದಿಂದ ಸುಮಾರು 29 ಡಿಗ್ರಿ ಮೇಲೇರುತ್ತದೆ. ಆದರೆ ಕಾಫಿ ತೋಟದೊಳಗೆ ನಿಂತರೆ ಸಿಲ್ವರ್ ಓಕ್, ಹಲಸು, ಅತ್ತಿಗಳ ನೆರಳು ಆಕಾಶವನ್ನು ಮುಚ್ಚಿಬಿಡುತ್ತದೆ. ತಲೆಯ ಮೇಲೆ ಬಯಲು ಸಿಗುವ ಜಾಗ ಸಾಮಾನ್ಯವಾಗಿ ಒಂದೇ, ಕಾಫಿ ಒಣಗಿಸುವ ಕಣ.

ಮಸೂರದ ದೂರದರ್ಶಕದಲ್ಲಿ ಕೊಳವೆಯ ಮುಂತುದಿಯಲ್ಲಿರುವ ದೊಡ್ಡ ಮಸೂರಕ್ಕೆ ವಸ್ತುಕ ಎನ್ನುತ್ತಾರೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿ.ಮೀ. ತೆರೆದುಕೊಳ್ಳುತ್ತದೆ. 60 ಮಿ.ಮೀ. ವಸ್ತುಕ ಅದರ 73 ಪಟ್ಟು ಬೆಳಕನ್ನು ಕೂಡಿಸುತ್ತದೆ, 150 ಮಿ.ಮೀ. ಆದರೆ ಸುಮಾರು 460 ಪಟ್ಟು. ವ್ಯಾಸ ಹೆಚ್ಚಿದಂತೆ ಒತ್ತಾಗಿರುವ ಜೋಡಿ ನಕ್ಷತ್ರಗಳನ್ನು ಬಿಡಿಸಿ ತೋರಿಸುವ ಶಕ್ತಿಯೂ ಹೆಚ್ಚುತ್ತದೆ. 1609ರಲ್ಲಿ ಗೆಲಿಲಿಯೊ ಬಳಸಿದ ಒಂಟಿ ಗಾಜಿನ ವಸ್ತುಕಕ್ಕೆ ಒಂದು ದೋಷವಿತ್ತು. ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುವುದರಿಂದ ಎಲ್ಲ ಬಣ್ಣಗಳೂ ಒಂದೇ ಬಿಂದುವಿನಲ್ಲಿ ಕೂಡದೆ, ಹೊಳೆಯುವ ವಸ್ತುವಿನ ಸುತ್ತ ನೇರಳೆ ಅಂಚು ಮೂಡುತ್ತಿತ್ತು. ಕ್ರೌನ್ ಗಾಜಿನ ಪೀನ ಮಸೂರಕ್ಕೆ ಫ್ಲಿಂಟ್ ಗಾಜಿನ ನಿಮ್ನ ಮಸೂರವನ್ನು ಜೋಡಿಸಿ ಈ ವರ್ಣದೋಷವನ್ನು ತಗ್ಗಿಸಿದ ಜೋಡಿ ಮಸೂರಕ್ಕೆ 1758ರಲ್ಲಿ ಲಂಡನ್ನಿನ ಜಾನ್ ಡಾಲಂಡ್ ಪೇಟೆಂಟ್ ಪಡೆದ.

ಬೆಳಕು ಗಾಜಿನೊಳಗೆ ಹಾಯದೆ ಮೇಲ್ಮೈಯಿಂದಲೇ ಮರಳಿದರೆ ಬಣ್ಣ ಚದುರುವ ಪ್ರಶ್ನೆಯೇ ಇಲ್ಲ. 1668ರಲ್ಲಿ ನ್ಯೂಟನ್ ಕಟ್ಟಿದ ದೂರದರ್ಶಕದ ತಿರುಳು ಇದು. ಕೊಳವೆಯ ತಳದಲ್ಲಿ ಬಟ್ಟಲಿನಂತೆ ತಗ್ಗಿದ ಪ್ರಧಾನ ಕನ್ನಡಿ. ಬಾಯಿಯ ಬಳಿ 45 ಡಿಗ್ರಿ ಓರೆಯಾಗಿ ನಿಂತು, ಬೆಳಕನ್ನು ಪಕ್ಕದ ರಂಧ್ರಕ್ಕೆ ತಿರುಗಿಸುವ ಪುಟ್ಟ ಚಪ್ಪಟೆ ಕನ್ನಡಿ. ಈ ಪುಟ್ಟ ಕನ್ನಡಿ ದಾರಿಗಡ್ಡ ನಿಂತರೂ ನಷ್ಟ ಅಲ್ಪ: 150 ಮಿ.ಮೀ. ಕನ್ನಡಿಯ ಮುಂದೆ 35 ಮಿ.ಮೀ. ಅಡ್ಡಿ ತಡೆಯುವುದು ಶೇಕಡಾ 5ರಷ್ಟು ಬೆಳಕನ್ನು ಮಾತ್ರ. ಪ್ರಧಾನ ಕನ್ನಡಿ ಗೋಳದ ತುಣುಕಾಗಿದ್ದರೆ ಅಂಚಿನ ಕಿರಣಗಳು ಒಂದೆಡೆ, ನಡುವಿನವು ಇನ್ನೊಂದೆಡೆ ಕೂಡುತ್ತವೆ. ಅದಕ್ಕೇ ಅದನ್ನು ಪರವಲಯದ ಆಕಾರಕ್ಕೆ ಉಜ್ಜಬೇಕು. ಒಳ್ಳೆಯ ಕನ್ನಡಿಯಲ್ಲಿ ತಪ್ಪು ಬೆಳಕಿನ ಅಲೆಯುದ್ದದ ಎಂಟನೆಯ ಒಂದು ಭಾಗ, ಎಂದರೆ ಸುಮಾರು 70 ನ್ಯಾನೊಮೀಟರ್ ಮೀರುವಂತಿಲ್ಲ. ತಮಿಳುನಾಡಿನ ಕಾವಲೂರಿನಲ್ಲಿ 1986ರಿಂದ ಕೆಲಸ ಮಾಡುತ್ತಿರುವ ವೇಣು ಬಾಪು ದೂರದರ್ಶಕದ 2.34 ಮೀಟರ್ ಕನ್ನಡಿಯನ್ನು ಇಂಥ ನಾಜೂಕಿನಲ್ಲಿ ಉಜ್ಜಿ ಸಿದ್ಧಪಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ.

ಕಣ್ಣಿಟ್ಟು ನೋಡುವ ತುದಿಯ ಮಸೂರ ನೇತ್ರಕ. ವಸ್ತುಕದ ಅಥವಾ ಪ್ರಧಾನ ಕನ್ನಡಿಯ ಸಂಗಮ ದೂರವನ್ನು (ಬೆಳಕು ಒಂದು ಬಿಂದುವಿನಲ್ಲಿ ಕೂಡುವ ದೂರ) ನೇತ್ರಕದ ಸಂಗಮ ದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 1200 ಮಿ.ಮೀ. ಸಂಗಮ ದೂರದ ಕನ್ನಡಿಗೆ 25 ಮಿ.ಮೀ. ಸಂಗಮ ದೂರದ ನೇತ್ರಕ ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು. ಶನಿಯ ಬಳೆ ಗುರುತಾಗಲು ಮೊದಲನೆಯದೇ ಸಾಕು. ವ್ಯಾಸದ ಪ್ರತಿ ಮಿ.ಮೀ.ಗೆ 2 ಪಟ್ಟು ಮೀರಿದರೆ ಬಿಂಬ ದೊಡ್ಡದಾದರೂ ಮಸುಕಾಗುತ್ತದೆ, ಹೊಸ ವಿವರವೇನೂ ಕಾಣದು. ನೇತ್ರಕವನ್ನು ತೆಗೆದು ಬಿಂಬ ಬೀಳುವಲ್ಲಿ ಫಿಲ್ಮ್ ಇಟ್ಟರೆ ಅದೇ ಕ್ಯಾಮೆರಾ. ಮೂಡಿಗೆರೆಯಲ್ಲಿದ್ದು ಹಕ್ಕಿಗಳ ಛಾಯಾಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರಂಥವರು ನೆಚ್ಚಿದ ಟೆಲಿಫೋಟೋ ಲೆನ್ಸ್ ಕೂಡ ಈ ವಸ್ತುಕದ ಬಳಗದ್ದೇ.

48 ಪಟ್ಟಿನಲ್ಲಿ ಒಂದು ಸಲಕ್ಕೆ ಕಾಣುವ ಆಕಾಶ ಎರಡು ಹುಣ್ಣಿಮೆ ಚಂದ್ರರಷ್ಟು ಅಗಲ ಮಾತ್ರ. ಆದ್ದರಿಂದ ಗುರಿ ಹಿಡಿಯಲು ಪಕ್ಕದಲ್ಲೊಂದು ಚಿಕ್ಕ ಶೋಧಕ ದುರ್ಬೀನು, ಅದರ ಬಿಂಬದ ತಾಣದಲ್ಲಿ ಅಡ್ಡ ಉದ್ದ ಹಾಯ್ದ ಎರಡು ಎಳೆ. 1802ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು ಸೀಮೆ, ಘಟ್ಟಗಳನ್ನು ಹಾಯ್ದು ಮಂಗಳೂರಿನ ಕರಾವಳಿಯವರೆಗೆ ಭೂಮಾಪನದ ತ್ರಿಕೋನಗಳನ್ನು ಹೆಣೆದ ವಿಲಿಯಂ ಲ್ಯಾಂಬ್ಟನ್‌ನ ಕೋನ ಅಳೆಯುವ ಅರ್ಧ ಟನ್ ತೂಕದ ಥಿಯೊಡೊಲೈಟಿನಲ್ಲೂ ಬೆಟ್ಟದಿಂದ ಬೆಟ್ಟಕ್ಕೆ ಗುರಿ ಹಿಡಿದದ್ದು ದೂರದರ್ಶಕವೇ.

ಮಲೆನಾಡಿನಲ್ಲಿ ಈ ಭಾಗಗಳಿಗೆಲ್ಲ ವೈರಿ ನೀರು. ತೆರೆದ ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಶಾಖವನ್ನು ಬೇಗ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ. ಜನವರಿಯ ರಾತ್ರಿ ನೋಡನೋಡುತ್ತಲೇ ವಸ್ತುಕದ ಮೇಲೆ ಇಬ್ಬನಿ ಕೂರುತ್ತದೆ. ವಸ್ತುಕದ ವ್ಯಾಸದ ಒಂದೂವರೆ ಪಟ್ಟು ಉದ್ದದ ಕಪ್ಪು ರಟ್ಟನ್ನು ಕೊಳವೆಯ ಮುಂದೆ ಸುತ್ತಿದರೆ ಅದು ತಡವಾಗುತ್ತದೆ. ಕೂತ ಇಬ್ಬನಿಯನ್ನು ಬಟ್ಟೆಯಿಂದ ಒರೆಸಲೇಬಾರದು. ದೂಳಿನ ಕಣ ಗೀರಿದರೆ ಗಾಜಿನ ಮೇಲಿನ ಲೇಪನ ಹೋಯಿತು. ಕಾಫಿ ಒಣಗಿಸುವ ಕಣದ್ದೂ ಒಂದು ಸಮಸ್ಯೆಯಿದೆ: ಹಗಲೆಲ್ಲ ಬಿಸಿಲುಂಡ ಸಿಮೆಂಟು ನೆಲ ಇರುಳಿನಲ್ಲಿ ಶಾಖ ಬಿಡುತ್ತಾ ಮೇಲಿನ ಗಾಳಿಯನ್ನು ಕಲಕುವುದರಿಂದ ಗುರುಗ್ರಹದ ಪಟ್ಟೆಗಳು ನೀರಿನಡಿಯ ಕಲ್ಲಿನಂತೆ ಅಲುಗುತ್ತವೆ. ನೆಲ ಆರುವವರೆಗೆ ಕಾಯಬೇಕು, ಇಲ್ಲವೇ ಕಣದಂಚಿನ ಹುಲ್ಲಿಗೆ ಸರಿಯಬೇಕು.

2019ರ ಡಿಸೆಂಬರ್ 26ರ ಕಂಕಣ ಗ್ರಹಣದಲ್ಲಿ ಮಂಗಳೂರು, ಕಾಸರಗೋಡು ಕಡೆ ಉಂಗುರ ಕಂಡಿತು. ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಪಾರ್ಶ್ವ ಗ್ರಹಣ. ಇಂಥ ದಿನ ದೂರದರ್ಶಕದಲ್ಲಿ ಸೂರ್ಯನನ್ನು ನೋಡುವಾಗ ಸೌರ ಫಿಲ್ಟರ್ ಕೊಳವೆಯ ಮುಂಬಾಯಿಗೇ ಇರಬೇಕು. ನೇತ್ರಕಕ್ಕೆ ತಿರುಪಿಸುವ ಬಗೆಯದು, ಕೂಡಿಬಂದ ಶಾಖಕ್ಕೆ ಸೀಳಿ ಕ್ಷಣದಲ್ಲಿ ಕಣ್ಣು ಸುಡಬಹುದು. ಪಕ್ಕದ ಶೋಧಕ ದುರ್ಬೀನಿಗೂ ಮುಚ್ಚಳ ಹಾಕಲು ಮರೆಯಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಕಾಣದ ತಿಂಗಳುಗಳಲ್ಲಿ ನಿಜವಾದ ಅಪಾಯ ಬೂಷ್ಟು. ಮೊದಲು ಮಸೂರದ ಅಂಚಿನಲ್ಲಿ ಜೇಡನ ಬಲೆಯ ಹಾಗೆ ಸಣ್ಣ ಎಳೆಗಳು ಹಬ್ಬುತ್ತವೆ. ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟರೆ ಮಾತ್ರ ಕಾಣುವಷ್ಟು ತೆಳು. ಚರ್ಮದ ಚೀಲ, ಬಟ್ಟೆಯ ಅಸ್ತರಿ ತೇವ ಹೀರಿಟ್ಟುಕೊಂಡು ಅದನ್ನು ಸಾಕುತ್ತವೆ. ನೇತ್ರಕಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟು, ನೀಲಿ ಹರಳು ಗುಲಾಬಿಗೆ ತಿರುಗಿದಾಗ ಒಲೆಯ ಶಾಖದಲ್ಲಿ ಒಣಗಿಸಿ ಮತ್ತೆ ತುಂಬಬೇಕು. ಆರಂಭದ ಬೂಷ್ಟನ್ನು ತಿಳಿದವರು ತೊಡೆಯಬಲ್ಲರು. ಅದು ಒಸರಿದ ಆಮ್ಲ ಲೇಪನವನ್ನು ಕೊರೆದ ಮೇಲೆ ಆ ಗುರುತು ಗಾಜಿನಲ್ಲಿ ಉಳಿದುಬಿಡುತ್ತದೆ.