ಹಂದಿ ಸಾಕುವವರಿಗೆ ತಿಳಿವಳಿಕೆ

ಹಳಗನ್ನಡದ ‘ಪಂದಿ’ಯು ನಡುಗನ್ನಡದಲ್ಲಿ ‘ಹಂದಿ’ಯಾಯಿತೆಂದು ಪಾಠ ಹೇಳುತ್ತ ಬಂದವನು ನಾನು. ಆ ಪ್ರಾಣಿಯನ್ನು ಸಾಕಿ ಬದುಕುವವರಿಗೆ ತಿಳಿವಳಿಕೆ ಹೇಗೆ ಮುಟ್ಟಿತೆಂದು ಮಾತ್ರ ತಡವಾಗಿ ಯೋಚಿಸಿದೆ.

1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಪ್ರಾರಂಭವಾಯಿತು. ಓದು ಬಾರದವರ ಕಿವಿಗೂ ಮಾತು ಮುಟ್ಟುವಂತಾಯಿತು. 2004ರಲ್ಲಿ ಕಿಸಾನ್ ಕಾಲ್ ಸೆಂಟರುಗಳು ಬಂದ ಮೇಲೆ ಕೇಳುಗನೇ ತಿರುಗಿ ಪ್ರಶ್ನಿಸಬಹುದಾಯಿತು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಆದರೆ ಎರಡು ಮೂರು ಹಂದಿ ಸಾಕಿದವನನ್ನು ‘ರೈತ’ನೆಂದು ಊರು ಕರೆಯುವುದು ಅಪರೂಪ. ರೈತರಿಗೆಂದು ಆಡಿದ ಮಾತು ತನಗಲ್ಲವೆಂದು ಅವನು ಬಗೆದರೆ ತಪ್ಪು ಯಾರದು?

2020ರಲ್ಲಿ ಆಫ್ರಿಕನ್ ಹಂದಿ ಜ್ವರವು ಅಸ್ಸಾಮಿನ ಕಡೆ, ನಮ್ಮ ದೇಶದಲ್ಲೇ ಮೊದಲ ಬಾರಿಗೆ, ಕಾಣಿಸಿಕೊಂಡಿತು. ಹಳೆಯ ಹಂದಿ ಜ್ವರಕ್ಕೆ ಲಸಿಕೆಯುಂಟು. ಅದು ಈ ಹೊಸದನ್ನು ತಡೆಯದು. ಹೆಸರು ಹೋಲುವಲ್ಲಿ ಪಂಡಿತರೇ ಎಡವುತ್ತಾರೆ, ಲಸಿಕೆ ಹಾಕಿಸಿ ನಿಶ್ಚಿಂತನಾದವನ ಪಾಡೇನು! ರೋಗವು ಮನುಷ್ಯರಿಗೆ ಅಂಟದು. ಆದರೆ ಹೋಟೆಲಿನ ಮುಸುರೆಯಲ್ಲಿ ರೋಗದ ಮಾಂಸದ ಚೂರೊಂದಿದ್ದರೆ ಗೂಡೇ ಬರಿದಾದೀತು. ಮುಸುರೆಯನ್ನು ಅರ್ಧ ಗಂಟೆಯಾದರೂ ಕುದಿಸಿ ಹಾಕಬೇಕು. ಸತ್ತ ಹಂದಿಯನ್ನು ಮಾರದೆ, ಭದ್ರೆಗೋ ತುಂಗೆಗೋ ಎಸೆಯದೆ, ಪಶು ಆಸ್ಪತ್ರೆಗೆ ತಿಳಿಸಬೇಕು. ಇಷ್ಟು ಹೇಳಲು ಎರಡು ನಿಮಿಷ ಸಾಕು. ಆದರೆ ಸಂಜೆ, ಅವರು ಮನೆಗೆ ಮರಳಿದ ಮೇಲೆ, ‘ಹಂದಿ ಸಾಕುವವರೇ’ ಎಂದು ಕರೆದೇ ಹೇಳಬೇಕು.